ಪೇಟೆಯ ಹಸಿಕಸ ಹೊಲಕ್ಕೆ ಮರಳಲಿ

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿಬಾರದ ರೈತ ಕುಟುಂಬ ಈ ಭಾಗದಲ್ಲಿ ವಿರಳ. ಮದುವೆಯ ಜವಳಿ, ಪಾತ್ರೆ ಪಡಗ, ದಿನಸಿ, ಹೂವು, ಹಣ್ಣು, ತರಕಾರಿ ಎಲ್ಲವೂ ಆ ಬೀದಿಯಲ್ಲಿ ಮತ್ತು ಅದರ ಅಡ್ಡರಸ್ತೆಗಳಲ್ಲಿ ದೊರೆಯುತ್ತವೆ. ಹಳ್ಳಿಯಿಂದ ಸೊಪ್ಪು, ಬಾಳೆ ಎಲೆ, ಹೂವು, ತೆಂಗಿನಕಾಯಿ ಪೇಟೆಗೆ ಬರುತ್ತವೆ; ಪೇಟೆಯಿಂದ ಹಳ್ಳಿಗೆ ಬಟ್ಟೆ, ಎಣ್ಣೆ, ಸಾಬೂನು ಹೋಗುತ್ತವೆ. ಈ ಕೊಡುಕೊಳ್ಳುವಿಕೆಯ ಲೆಕ್ಕವನ್ನು ರೈತನೂ ವರ್ತಕನೂ ಬರೆದಿಡುತ್ತಾರೆ. ಆದರೆ ವ್ಯಾಪಾರ ಮುಗಿದ ಮೇಲೆ ಬೀದಿಯಲ್ಲಿಯೂ ಮನೆಯ ಬಚ್ಚಲ ಹಿಂದೆಯೂ ಉಳಿಯುವ ಕಸದ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಆ ಲೆಕ್ಕವನ್ನು ನೋಡಿದರೆ ನಷ್ಟ ಬೀಳುತ್ತಿರುವುದು ಹೊಲದ ಮಣ್ಣಿಗೆ ಎಂಬುದು ತಿಳಿಯುತ್ತದೆ.

ಕೋಸಿನ ಹೊರ ಎಲೆ, ಬಾಳೆಯ ದಿಂಡು, ಬಾಡಿದ ಹೂವು, ಮಾವಿನ ಸಿಪ್ಪೆ, ಅನ್ನದ ಅಗುಳು ಇವೆಲ್ಲ ಒಂದು ಕಾಲಕ್ಕೆ ಹೊಲದಲ್ಲಿದ್ದ ಸಾರಜನಕ, ರಂಜಕ, ಪೊಟ್ಯಾಷ್ ಮತ್ತು ಸಾವಯವ ಇಂಗಾಲ. ಬೆಳೆಯೊಡನೆ ಅವು ಪೇಟೆಗೆ ಹೋಗುತ್ತವೆ. ಮರಳಿ ಬಂದರೆ ಮಣ್ಣಿಗೆ ಬಲ. ಬಾರದಿದ್ದರೆ ಅಷ್ಟನ್ನು ರೈತನು ಚೀಲದ ಗೊಬ್ಬರದ ರೂಪದಲ್ಲಿ ಹಣ ಕೊಟ್ಟು ತರಬೇಕಾಗುತ್ತದೆ. ಸಾವಯವ ಇಂಗಾಲವಂತೂ ಯಾವ ಯೂರಿಯಾ ಚೀಲದಿಂದಲೂ ಮಣ್ಣಿಗೆ ಸೇರುವುದಿಲ್ಲ.

ಕಳೆದುಹೋಗುತ್ತಿರುವುದು ಎಷ್ಟು?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ಕಸವಾಯಿತು. ಇದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಬಂದದ್ದು. ಭಾರತದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕಿಲೋ ಎಂದು ಆ ವರದಿ ಅಂದಾಜು ಮಾಡಿದೆ. ಸಿಪ್ಪೆ, ಮೂಳೆಗಳಂತಹ ತಿನ್ನಲಾಗದ ಭಾಗವೂ ಇದರಲ್ಲಿ ಸೇರಿದೆ. ಎಂದರೆ ಒಬ್ಬರಿಗೆ ದಿನಕ್ಕೆ 150 ಗ್ರಾಂ. ನೋಡಲು ಇದು ಒಂದು ಹಿಡಿ ಮಾತ್ರ.

ಈ ಒಂದು ಹಿಡಿಯನ್ನು ಶಿವಮೊಗ್ಗ ನಗರಕ್ಕೆ ಅನ್ವಯಿಸಿ ನೋಡಬಹುದು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ 3,22,650. ಆ ಸಂಖ್ಯೆಯನ್ನೇ ಇಟ್ಟುಕೊಂಡರೂ ವರ್ಷಕ್ಕೆ 17,700 ಟನ್ನಿನಷ್ಟು ಅಡಿಗೆಮನೆಯ ಹಸಿಕಸ ಆಗುತ್ತದೆ. ಮಾರುಕಟ್ಟೆ, ಹೋಟೆಲು, ಕಲ್ಯಾಣ ಮಂಟಪಗಳ ಕಸ ಇದರಲ್ಲಿ ಸೇರಿಲ್ಲ. ಹಸಿಕಸ ಕಳಿಯುವಾಗ ನೀರಿನ ಅಂಶ ಆರಿ, ಇಂಗಾಲದ ಒಂದು ಭಾಗ ಗಾಳಿಗೆ ಸೇರಿ, ತೂಕವು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗೆ ನೋಡಿದರೆ ವರ್ಷಕ್ಕೆ 4,400 ಟನ್ ಕಾಂಪೋಸ್ಟ್ ದೊರೆಯಬೇಕು. ಹೆಕ್ಟೇರಿಗೆ 10 ಟನ್ನಿನಂತೆ ಹಾಕಿದರೆ 440 ಹೆಕ್ಟೇರ್, ಎಂದರೆ ಸುಮಾರು 1,100 ಎಕರೆ ಗದ್ದೆಗೆ ಇದು ಸಾಕು.

ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ಪೇಟೆ ಕಾಂಪೋಸ್ಟಿನಲ್ಲಿ ಕನಿಷ್ಠ ಶೇಕಡಾ 0.8 ಸಾರಜನಕ ಇರಬೇಕು. ಈ ಕನಿಷ್ಠ ಮಟ್ಟವನ್ನೇ ಹಿಡಿದರೂ 4,400 ಟನ್ನಿನಲ್ಲಿ 35 ಟನ್ ಸಾರಜನಕವಿದೆ. ಇದು 45 ಕಿಲೋ ತೂಕದ 1,700 ಯೂರಿಯಾ ಚೀಲಗಳಿಗೆ ಸಮ. ಒಂದು ಜಿಲ್ಲೆಯ ಯೂರಿಯಾ ಬೇಡಿಕೆಯ ಮುಂದೆ ಇದು ದೊಡ್ಡ ಸಂಖ್ಯೆಯಲ್ಲ. ಆದುದರಿಂದ ಪೇಟೆಯ ಕಸದಿಂದ ರಸಗೊಬ್ಬರದ ಅಗತ್ಯವೇ ತಪ್ಪುತ್ತದೆ ಎಂದು ಯಾರೂ ಭಾವಿಸಬಾರದು. ಕಾಂಪೋಸ್ಟಿನ ನಿಜವಾದ ಬೆಲೆ ಇರುವುದು ಅದರ ಸಾವಯವ ಅಂಶದಲ್ಲಿ. ಮಲೆನಾಡಿನ ಹುಳಿ ಮಣ್ಣಿನಲ್ಲಿ ಮಳೆಗೆ ಪೋಷಕಾಂಶಗಳು ಬೇಗ ಬಸಿದುಹೋಗುತ್ತವೆ. ಅವುಗಳನ್ನು ಹಿಡಿದಿಡುವ ಶಕ್ತಿಯನ್ನು, ತೇವ ಉಳಿಸುವ ಗುಣವನ್ನು, ಸೂಕ್ಷ್ಮಜೀವಿಗಳಿಗೆ ಆಹಾರವನ್ನು ಕೊಡುವುದು ಸಾವಯವ ಪದಾರ್ಥ. ಹಾಕಿದ ಯೂರಿಯಾ ಬೆಳೆಗೆ ದಕ್ಕಬೇಕಾದರೂ ಅದು ಬೇಕು.

ಹಿಂದಿನವರು ನಡೆಸಿದ ದಾರಿ

ಮಲೆನಾಡಿನ ಹಲವು ಮನೆಗಳಲ್ಲಿ ದೀಪಾವಳಿಯ ದಿನ ಗದ್ದೆ, ತೋಟ, ಬಾವಿಗಳಂತೆಯೇ ಗೊಬ್ಬರದ ಗುಂಡಿಗೂ ದೀಪ ಇಡುವ ಪದ್ಧತಿ ಇದೆ. ಕಸ ಹೋಗಿ ಸೇರುವ ಜಾಗವೇ ಬೆಳೆಗೆ ಮೂಲ ಎಂಬ ತಿಳಿವಳಿಕೆ ಇದರಲ್ಲಿದೆ.

ಈ ತಿಳಿವಳಿಕೆಗೆ ವೈಜ್ಞಾನಿಕ ರೂಪ ಕೊಟ್ಟ ಕೆಲಸವೂ ನಮ್ಮ ದೇಶದಲ್ಲೇ ನಡೆಯಿತು. ಆಲ್ಬರ್ಟ್ ಹೋವಾರ್ಡ್ ಅವರು 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿ, ಬೆಳೆಯ ಉಳಿಕೆ ಮತ್ತು ಸಗಣಿಯನ್ನು ಪದರ ಪದರವಾಗಿ ಹಾಕಿ ಆಗಾಗ ಮಗುಚುವ ಇಂದೋರ್ ಪದ್ಧತಿಯನ್ನು ರೂಪಿಸಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಪೇಟೆಯ ಕಸಕ್ಕಾಗಿಯೇ ಮತ್ತೊಂದು ಕ್ರಮವನ್ನು ಬಳಕೆಗೆ ತಂದರು. ಕಂದಕದಲ್ಲಿ ಪೇಟೆಯ ಕಸ ಮತ್ತು ಮಲವನ್ನು ಪದರಗಳಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಕೆಲವು ತಿಂಗಳು ಬಿಡುವ ಈ ಕ್ರಮವು ಜಗತ್ತಿನ ಪುಸ್ತಕಗಳಲ್ಲೆಲ್ಲ ಇಂದಿಗೂ 'ಬೆಂಗಳೂರು ಪದ್ಧತಿ' ಎಂದೇ ಹೆಸರಾಗಿದೆ. ಅದರಲ್ಲಿ ಮಲ ಹೊರುವವರ ದುಡಿಮೆ ಅಡಗಿತ್ತು ಎಂಬುದನ್ನೂ ಹೇಳಬೇಕು. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಕರ್ನಾಟಕವು ಆ ಪದ್ಧತಿಯನ್ನು ನಿಷೇಧಿಸಿತು. 1993 ಮತ್ತು 2013ರ ಕೇಂದ್ರ ಕಾಯ್ದೆಗಳು ದೇಶಕ್ಕೆಲ್ಲ ನಿಷೇಧ ತಂದವು. ಇಂದು ಆ ಪದರಕ್ಕೆ ಸಗಣಿ ರಾಡಿಯನ್ನು ಬಳಸಬೇಕು. ಉಳಿದ ತತ್ವದಲ್ಲಿ ಬದಲಾವಣೆ ಇಲ್ಲ. 1975ರಲ್ಲಿ ಪೇಟೆಯ ಕಸವನ್ನು ಗೊಬ್ಬರ ಮಾಡಲೆಂದೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವೂ ಸ್ಥಾಪನೆಯಾಯಿತು.

ದಾರಿ ಕಡಿದದ್ದು ಎಲ್ಲಿ?

ಇದಕ್ಕೆ ಹುಬ್ಬಳ್ಳಿ-ಧಾರವಾಡದ ಅನುಭವ ಒಳ್ಳೆಯ ಪಾಠ. ಅಲ್ಲಿ ನಗರದ ಕಸವನ್ನು ಗುಂಡಿಗಳಲ್ಲಿ ಕಳಿಯಲು ಬಿಟ್ಟು, ಆ ಗುಂಡಿಗಳನ್ನು ರೈತರಿಗೆ ಹರಾಜು ಹಾಕುವ ರೂಢಿ ಬಹುಕಾಲ ನಡೆಯಿತು. ಸುತ್ತಲಿನ ರೈತರು ಹಣ ಕೊಟ್ಟು, ಚಕ್ಕಡಿ ಮತ್ತು ಟ್ರ್ಯಾಕ್ಟರುಗಳಲ್ಲಿ ಪೇಟೆಯ ಗೊಬ್ಬರವನ್ನು ಹೊಲಕ್ಕೆ ಸಾಗಿಸುತ್ತಿದ್ದರು. 1990ರ ದಶಕದ ಹೊತ್ತಿಗೆ ಆ ಗೊಬ್ಬರದಲ್ಲಿ ಪ್ಲಾಸ್ಟಿಕ್, ಗಾಜಿನ ಚೂರು ಮತ್ತು ಆಸ್ಪತ್ರೆಯ ಸೂಜಿಗಳು ಹೆಚ್ಚಾದವು. ಆರಿಸಿ ತೆಗೆಯುವ ಕೂಲಿ ಗೊಬ್ಬರದ ಬೆಲೆಯನ್ನೇ ಮೀರತೊಡಗಿತು; ಬರಿಗಾಲಿನಲ್ಲಿ ಕೆಲಸ ಮಾಡುವವರಿಗೆ ಗಾಯವಾಗುವ ಭಯವೂ ಸೇರಿತು. ರೈತರು ಹಿಂಜರಿದರು, ಬೇಡಿಕೆ ಇಳಿಯಿತು. ರೈತನಿಗೆ ಗೊಬ್ಬರದ ಅಗತ್ಯ ಕಡಿಮೆಯಾಗಿರಲಿಲ್ಲ, ಗೊಬ್ಬರ ಮಲಿನವಾಗಿತ್ತು.

ಆದುದರಿಂದ ಈ ಭಾಷಣದ ಮುಖ್ಯ ಮಾತು ಒಂದೇ. ಹಸಿಕಸ ಕೆಡುವುದು ಕಸದ ಲಾರಿಯಲ್ಲಿ ಅಲ್ಲ, ಮನೆಯ ಕಸದ ಬುಟ್ಟಿಯಲ್ಲಿ. ತರಕಾರಿ ಸಿಪ್ಪೆಯ ಮೇಲೆ ಒಂದು ಶಾಂಪೂ ಚೀಟಿ, ಒಂದು ಹಳೆಯ ಬ್ಯಾಟರಿ, ಒಂದು ಒಡೆದ ಬಲ್ಬು ಬಿದ್ದ ಕ್ಷಣದಲ್ಲಿ ಗೊಬ್ಬರವಾಗಬೇಕಿದ್ದ ವಸ್ತು ಕಸವಾಗುತ್ತದೆ. ಅಲ್ಲಿ ಬೇರ್ಪಡಿಸಲು ಅರ್ಧ ನಿಮಿಷ ಸಾಕು. ಬೆರೆತ ಮೇಲೆ ಲಕ್ಷಗಟ್ಟಲೆ ಬೆಲೆಯ ಯಂತ್ರವೂ ಅದನ್ನು ಪೂರ್ತಿಯಾಗಿ ಬೇರ್ಪಡಿಸಲಾರದು. ಬ್ಯಾಟರಿಯ ಸೀಸ, ಕ್ಯಾಡ್ಮಿಯಂ ಲೋಹಗಳು ಗೊಬ್ಬರದಲ್ಲಿ ಕರಗಿ ಸೇರಿದರೆ ಯಾವ ಜರಡಿಯಿಂದಲೂ ಬರುವುದಿಲ್ಲ.

ಬೆರೆತ ಕಸ ಕೊನೆಗೆ ಹಳ್ಳಿಗೇ ಬರುತ್ತದೆ ಎಂಬುದನ್ನೂ ರೈತರು ಗಮನಿಸಬೇಕು. ಶಿವಮೊಗ್ಗದ ಕಸ ಅನುಪಿನಕಟ್ಟೆಗೆ ಹೋಗುತ್ತದೆ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗುತ್ತಿತ್ತು. ಮಾವಳ್ಳಿಪುರದಲ್ಲಿ 2012ರಲ್ಲಿ ಕಸ ಸುರಿಯುವುದು ನಿಂತಿತು. 2014ರಲ್ಲಿ ಮಂಡೂರಿನ ಗ್ರಾಮಸ್ಥರು ಕಸದ ಲಾರಿಗಳ ವಿರುದ್ಧ ಬೀದಿಗೆ ಇಳಿದರು. ದುರ್ವಾಸನೆ, ನೊಣ, ಕೆಟ್ಟ ಬಾವಿ ನೀರು ಅವರ ದೂರುಗಳಾಗಿದ್ದವು. ಗುಡ್ಡೆ ಹಾಕಿದ ಹಸಿಕಸವು ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯ ಶಾಖವನ್ನು ಏರಿಸುತ್ತದೆ. ಮಳೆಯ ನೀರು ಆ ಗುಡ್ಡೆಯ ಮೂಲಕ ಇಳಿದಾಗ ಕಪ್ಪು ರಸವಾಗಿ ಹಳ್ಳ ಸೇರುತ್ತದೆ. ಶಿವಮೊಗ್ಗದ ಪಕ್ಕದಲ್ಲಿ ತುಂಗೆ, ಭದ್ರಾವತಿಯ ಪಕ್ಕದಲ್ಲಿ ಭದ್ರೆ ಹರಿಯುತ್ತಿವೆ. ಕೂಡಲಿಯಲ್ಲಿ ಅವು ಒಂದಾಗುತ್ತವೆ. ಮೇಲಿನವರು ಬಿಟ್ಟದ್ದು ಕೆಳಗಿನವರ ಗದ್ದೆಗೂ ಬಿಂದಿಗೆಗೂ ತಪ್ಪದು.

ಮೊದಲ ಕೆಲಸ: ಕಸವನ್ನೇ ಕಡಿಮೆ ಮಾಡುವುದು

ಗೊಬ್ಬರ ಮಾಡುವುದಕ್ಕಿಂತ ಮೊದಲು, ಕಸವಾಗದಂತೆ ನೋಡಿಕೊಳ್ಳುವುದು ಮೇಲು. ಒಂದು ಕುಟುಂಬದಲ್ಲಿ ದಿನಕ್ಕೆ 50 ಗ್ರಾಂ ಅಕ್ಕಿಯಷ್ಟು ಅನ್ನ ಚೆಲ್ಲಿಹೋದರೆ ವರ್ಷಕ್ಕೆ 18 ಕಿಲೋ ಅಕ್ಕಿ ಹೋಯಿತು. ಒಂದು ಕಿಲೋ ಅಕ್ಕಿ ಬೆಳೆಯಲು ಸುಮಾರು ಎರಡೂವರೆ ಸಾವಿರ ಲೀಟರ್ ನೀರು ಬೇಕು. ಆ 18 ಕಿಲೋ ಅಕ್ಕಿಯೊಡನೆ ನಾಲೆಯ 45,000 ಲೀಟರ್ ನೀರೂ, ಉತ್ತು ನಾಟಿ ಮಾಡಿದ ದುಡಿಮೆಯೂ ಬಚ್ಚಲು ಸೇರುತ್ತವೆ. ಗೊಬ್ಬರ ಮಾಡಿದರೂ ಇವು ಮರಳುವುದಿಲ್ಲ. ಆದುದರಿಂದ ಈ ಕ್ರಮಗಳನ್ನು ಅನುಸರಿಸಬೇಕು.

1. ಪೇಟೆಗೆ ಹೊರಡುವ ಮುನ್ನ ಮನೆಯಲ್ಲಿ ಏನಿದೆ ಎಂದು ನೋಡಿ ಪಟ್ಟಿ ಮಾಡಬೇಕು. ಅಗ್ಗವೆಂದು ಐದು ಕಿಲೋ ಟೊಮೆಟೊ ತಂದು ಎರಡು ಕಿಲೋ ಕೊಳೆಸಿದರೆ ಅದು ಅಗ್ಗವಲ್ಲ.

2. ಬಟ್ಟೆಯ ಕೈಚೀಲ, ಎಣ್ಣೆಗೆ ಡಬ್ಬಿ, ಮಾಂಸ ಮೀನಿಗೆ ಮುಚ್ಚಳದ ಪಾತ್ರೆ ಜೊತೆಯಲ್ಲಿರಬೇಕು. ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮುಂತಾದವನ್ನು ನಿಷೇಧಿಸಿತು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶವ್ಯಾಪಿ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಕೊಳ್ಳುವವರೇ ಚೀಲ ಕೇಳುತ್ತಿದ್ದರೆ ಯಾವ ಕಾನೂನೂ ಫಲ ಕೊಡದು.

3. ಹೂವು, ಸೊಪ್ಪನ್ನು ಬಾಳೆ ಎಲೆ ಅಥವಾ ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಳ್ಳಬಹುದು. ಎಣ್ಣೆ ತಿಂಡಿಯನ್ನು ಮಾತ್ರ ಮುದ್ರಿತ ಕಾಗದದಲ್ಲಿ ಕಟ್ಟಿಸಿಕೊಳ್ಳಬಾರದು. ಮಸಿಯ ವಿಷಾಂಶ ಆಹಾರಕ್ಕೆ ಸೇರುತ್ತದೆ.

4. ಒಂದು ರೂಪಾಯಿ, ಎರಡು ರೂಪಾಯಿಯ ಚೀಟಿಗಳ ಬದಲು ದೊಡ್ಡ ಸೀಸೆ ಅಥವಾ ಸಾಬೂನಿನ ಬಿಲ್ಲೆಯನ್ನು ಕೊಳ್ಳಬೇಕು. ಚೀಟಿಯು ಹಲವು ಪದರಗಳ ಮಿಶ್ರ ಹಾಳೆ. ಗುಜರಿಯವರು ಅದನ್ನು ಕೊಳ್ಳುವುದಿಲ್ಲ, ಮಣ್ಣು ಅದನ್ನು ಕರಗಿಸುವುದಿಲ್ಲ.

5. ಮದುವೆ, ತಿಥಿ, ಜಾತ್ರೆಗಳಲ್ಲಿ ಕಸ ಒಂದೇ ದಿನದಲ್ಲಿ ರಾಶಿಯಾಗುತ್ತದೆ. ಗಾಂಧಿ ಬಜಾರಿನ ಸುತ್ತ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ ನಡೆಯುವಾಗ ಇಡೀ ನಗರವೇ ನೆರೆಯುತ್ತದೆ. ಇಂತಹ ಕಡೆ ಸ್ಟೀಲಿನ ತಟ್ಟೆ ಲೋಟ ಅಥವಾ ಬಾಳೆ ಎಲೆ ಬಳಸಿದರೆ ಊಟದ ಕಸವೆಲ್ಲ ನೇರವಾಗಿ ಗೊಬ್ಬರದ ಗುಂಡಿಗೆ ಯೋಗ್ಯವಾಗುತ್ತದೆ. ಊರಿನ ಸಂಘಗಳು ನೂರಿನ್ನೂರು ಸ್ಟೀಲ್ ತಟ್ಟೆಗಳನ್ನು ಕೊಂಡಿಟ್ಟು ಬಾಡಿಗೆಗೆ ಕೊಟ್ಟರೆ ಖರ್ಚು ಕೆಲವೇ ಸಮಾರಂಭಗಳಲ್ಲಿ ಹುಟ್ಟುತ್ತದೆ.

ಬೇರ್ಪಡಿಸುವ ಕ್ರಮ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಮನೆಯಲ್ಲಿಯೇ ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಬೇಕೆಂದು ವಿಧಿಸಿದವು. ಇದರ ಹಿಂದೆ, ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ಮೊಕದ್ದಮೆಯೂ, ಅದರ ಫಲವಾಗಿ ಬಂದ 2000ದ ಮೊದಲ ನಿಯಮಗಳೂ ಇವೆ.

ಹಸಿಕಸ: ತರಕಾರಿ ಹಣ್ಣಿನ ಸಿಪ್ಪೆ, ಉಳಿದ ಅನ್ನ, ಚಹದ ಚರಟ, ಬಾಡಿದ ಹೂವು, ಮೊಟ್ಟೆಯ ಚಿಪ್ಪು. ಹೂವಿನ ಹಾರದ ನಾರು ಹತ್ತಿಯದಾದರೆ ಸರಿ. ಪ್ಲಾಸ್ಟಿಕ್ ದಾರ, ಜರಿ ಇದ್ದರೆ ಬಿಡಿಸಿ ತೆಗೆಯಬೇಕು.

ಒಣಕಸ: ಕಾಗದ, ರಟ್ಟು, ಹಾಲಿನ ಚೀಲ, ಸೀಸೆ, ತಗಡು. ಹಾಲಿನ ಚೀಲವನ್ನು ತೊಳೆದು ಒಣಗಿಸಿದರೆ ಗುಜರಿಗೆ ಬೆಲೆ ಬರುತ್ತದೆ, ಇರುವೆ ನೊಣಗಳ ಕಾಟವೂ ಇಲ್ಲ. ಚೀಲದ ಮೂಲೆಯನ್ನು ಕತ್ತರಿಸುವಾಗ ತುಂಡನ್ನು ಬೇರೆಯಾಗಿಸದೆ ಅಂಟಿಕೊಂಡಿರುವಂತೆ ಬಿಡಬೇಕು. ಆ ಸಣ್ಣ ತುಂಡುಗಳೇ ಮುಂದೆ ಹೊಲದಲ್ಲಿ ಕಾಣುವುದು.

ಅಪಾಯಕಾರಿ ಕಸ: ಬ್ಯಾಟರಿ, ಟ್ಯೂಬ್‌ಲೈಟು, ಅವಧಿ ಮುಗಿದ ಔಷಧಿ, ಬಣ್ಣದ ಡಬ್ಬಿ, ಸೂಜಿ. ಹಳ್ಳಿಯ ಮನೆಗಳಲ್ಲಿ ಕೀಟನಾಶಕದ ಸೀಸೆಗಳೂ ಇದರಲ್ಲಿ ಸೇರುತ್ತವೆ. ಸಿಂಪರಣೆಯ ಸಮಯದಲ್ಲಿಯೇ ಖಾಲಿ ಸೀಸೆಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಟ್ಯಾಂಕಿಗೇ ಹಾಕಿ, ಸೀಸೆಗೆ ತೂತು ಮಾಡಿ ಬೇರೆಯಾಗಿ ಇಡಬೇಕು. ಅದರಲ್ಲಿ ಸೀಮೆಎಣ್ಣೆ, ನೀರು ತುಂಬಿಡುವುದು ಪ್ರಾಣಕ್ಕೆ ಅಪಾಯ.

ಡೈಪರು, ಸ್ಯಾನಿಟರಿ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡಬೇಕು. ಪ್ಲಾಸ್ಟಿಕನ್ನು ಒಲೆಗಾಗಲಿ, ಬಚ್ಚಲ ಹಂಡೆಯ ಉರಿಗಾಗಲಿ ಹಾಕಲೇಬಾರದು. ಕೆಲವು ಬಗೆಯ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ಕಡುವಿಷ ಹುಟ್ಟುತ್ತದೆ. ಆ ಹೊಗೆ ಮೊದಲು ಸೇರುವುದು ಒಲೆಯ ಮುಂದೆ ಕುಳಿತವರ ಎದೆಗೆ.

ಪೇಟೆಯ ಮನೆಯಲ್ಲಿ ಗೊಬ್ಬರ

ಐದು ಜನರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಕಿಲೋ, ವರ್ಷಕ್ಕೆ 275 ಕಿಲೋ ಹಸಿಕಸ ಆಗುತ್ತದೆ. ಅದರಿಂದ ಸುಮಾರು 70 ಕಿಲೋ ಗೊಬ್ಬರ ದೊರೆತು, 70 ಚದರ ಮೀಟರಿನ ಕೈತೋಟಕ್ಕೆ ಸಾಕಾಗುತ್ತದೆ. ಇದಕ್ಕೆ ಹಳೆಯ ಬಕೆಟ್ಟುಗಳು ಅಥವಾ ಮಣ್ಣಿನ ಮಡಕೆಗಳು ಸಾಕು. ತಳ ಮತ್ತು ಬದಿಯಲ್ಲಿ ತೂತು ಮಾಡಿ, ತಳಕ್ಕೆ ಎರಡು ಅಂಗುಲ ತರಗೆಲೆ ಹಾಸಬೇಕು. ಪ್ರತಿದಿನ ಹಸಿಕಸ ಹಾಕಿದ ಕೂಡಲೇ ಅದರ ಎರಡರಷ್ಟು ಗಾತ್ರದ ತರಗೆಲೆ, ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟನ್ನು ಹರಡಬೇಕು. ವಾರಕ್ಕೊಮ್ಮೆ ಕೋಲಿನಿಂದ ಕೆದಕಿ ಗಾಳಿಯಾಡಿಸಬೇಕು. ತುಂಬಿದ ಬಕೆಟ್ಟನ್ನು ಮುಚ್ಚಿಟ್ಟು ಎರಡನೆಯದನ್ನು ಆರಂಭಿಸಬೇಕು. ಎರಡು ಮೂರು ತಿಂಗಳಲ್ಲಿ ಮೊದಲನೆಯದು ಸಿದ್ಧವಾಗುತ್ತದೆ.

ವಾಸನೆ ಬಂದರೆ ನೀರು ಹೆಚ್ಚು, ಗಾಳಿ ಕಡಿಮೆ ಎಂದು ತಿಳಿದು ಒಣ ಎಲೆ ಸೇರಿಸಬೇಕು. ಕಸ ಕಳಿಯದೆ ಒಣಗಿ ನಿಂತರೆ ನೀರು ಚಿಮುಕಿಸಬೇಕು. ಒಂದು ಹಿಡಿ ತೆಗೆದು ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಇದೇ ಸರಿಯಾದ ತೇವ. ರಸ್ತೆ ಬದಿಯಲ್ಲಿ ಗುಡಿಸಿ ಸುಡುವ ತರಗೆಲೆಯೇ ಇಲ್ಲಿ ಬೇಕಾದ ವಸ್ತು ಎಂಬುದನ್ನು ನಗರವಾಸಿಗಳು ಮರೆಯಬಾರದು.

ರೈತನ ಮನೆಯಲ್ಲಿ ಗೊಬ್ಬರ

ಮಲೆನಾಡಿನ ರೈತರ ಗುಂಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೆಂದರೆ ಮಳೆಗಾಲದಲ್ಲಿ ನೀರು ನಿಲ್ಲುವುದು. ನೀರು ನಿಂತ ಗುಂಡಿಯಲ್ಲಿ ಗೊಬ್ಬರ ಕಳಿಯುವ ಬದಲು ಕೊಳೆಯುತ್ತದೆ. ಸಾರಜನಕ, ಪೊಟ್ಯಾಷ್ ಬಸಿದುಹೋಗುತ್ತವೆ. ಆದುದರಿಂದ ಬೇಸಿಗೆಯಲ್ಲಿ ಗುಂಡಿ, ಮಳೆಗಾಲದಲ್ಲಿ ನೆಲದ ಮೇಲಿನ ರಾಶಿ ಉತ್ತಮ. ಎತ್ತರದ ಜಾಗದಲ್ಲಿ 2 ಮೀಟರ್ ಅಗಲದ, ಬೇಕಾದಷ್ಟು ಉದ್ದದ ರಾಶಿ ಮಾಡಿ, ಮೇಲೆ ಅಡಿಕೆ ಸೋಗೆಯ ಚಪ್ಪರ ಹಾಕಬೇಕು. ತಳದಲ್ಲಿ ಒರಟು ಕಡ್ಡಿಗಳು, ಅದರ ಮೇಲೆ 15 ಸೆಂ.ಮೀ. ಒಣ ಕಸ, 5 ಸೆಂ.ಮೀ. ಹಸಿ ಕಸ ಅಥವಾ ಹಸಿರು ಸೊಪ್ಪು, ಮೇಲೆ ಸಗಣಿ ರಾಡಿ, ಹೀಗೆ ಒಂದೂವರೆ ಮೀಟರ್ ಎತ್ತರದವರೆಗೆ ಪದರಗಳನ್ನು ಏರಿಸಬೇಕು. 15, 30 ಮತ್ತು 60ನೆಯ ದಿನ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ಮೊದಲ ವಾರದಲ್ಲಿ ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಬಂದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಆ ಬಿಸಿಯೇ ಕಳೆಯ ಬೀಜ ಮತ್ತು ರೋಗಾಣುಗಳನ್ನು ಕೊಲ್ಲುತ್ತದೆ.

ಅಡಿಕೆ ಸಿಪ್ಪೆಯ ವಿಚಾರ

ಪೇಟೆಯವರ ಕಸದ ಬಗ್ಗೆ ಮಾತನಾಡುವ ರೈತರು ತಮ್ಮ ಕಸದ ಕಡೆಗೂ ನೋಡಬೇಕು. ಕೊಯ್ಲಿನ ಕಾಲದಲ್ಲಿ ಶಿವಮೊಗ್ಗ, ಭದ್ರಾವತಿ, ಚನ್ನಗಿರಿ ಭಾಗದ ರಸ್ತೆ ಬದಿಗಳಲ್ಲಿ ಅಡಿಕೆ ಸಿಪ್ಪೆಯ ರಾಶಿಗಳು ಕಾಣುತ್ತವೆ. ಹಸಿ ಅಡಿಕೆಯ ತೂಕದಲ್ಲಿ ಶೇಕಡಾ 60ರಿಂದ 80ರಷ್ಟು ಸಿಪ್ಪೆಯೇ. ಮಳೆ ಬಂದರೆ ಅದರ ರಸ ಚರಂಡಿಗೆ ಹರಿಯುತ್ತದೆ. ಒಣಗಿದ ಮೇಲೆ ಬೆಂಕಿ ಹಚ್ಚಿದರೆ ದಿನಗಟ್ಟಲೆ ಹೊಗೆಯಾಡಿ ದಾರಿಹೋಕರಿಗೆ ಕಣ್ಣು ಕಾಣದಂತಾಗುತ್ತದೆ.

ಸಿಪ್ಪೆಯಲ್ಲಿ ಲಿಗ್ನಿನ್ ಎಂಬ ಗಟ್ಟಿ ನಾರಿನ ಪದಾರ್ಥ ಹೆಚ್ಚು, ಸಾರಜನಕ ಕಡಿಮೆ. ಹಾಗಾಗಿ ಅದು ನಿಧಾನವಾಗಿ ಕಳಿಯುತ್ತದೆ. ಹಸಿಯಾಗಿಯೇ ಮಣ್ಣಿಗೆ ಬೆರೆಸಿದರೆ ಸೂಕ್ಷ್ಮಜೀವಿಗಳು ಅದನ್ನು ಕಳಿಸಲು ಮಣ್ಣಿನ ಸಾರಜನಕವನ್ನೇ ಹಿಡಿದುಕೊಂಡು, ಬೆಳೆ ಹಳದಿಯಾಗುತ್ತದೆ. ಸಿಪ್ಪೆಯನ್ನು ಸಾಧ್ಯವಾದಷ್ಟು ಸಣ್ಣದಾಗಿ ಮಾಡಿ, ಸಗಣಿ ರಾಡಿ, ಗ್ಲಿರಿಸೀಡಿಯದಂತಹ ಹಸಿರು ಸೊಪ್ಪು ಮತ್ತು ಕಾಂಪೋಸ್ಟ್ ಸೂಕ್ಷ್ಮಜೀವಿಗಳ ಮಿಶ್ರಣ ಸೇರಿಸಿ, ತೇವ ಕಾಪಾಡಿ, ತಿಂಗಳಿಗೊಮ್ಮೆ ಮಗುಚಬೇಕು. ಸಾಮಾನ್ಯ ಕಸಕ್ಕಿಂತ ಹೆಚ್ಚು ಕಾಲ ಕಾಯುವ ತಾಳ್ಮೆ ಬೇಕು. ಪೇಟೆಯ ತರಕಾರಿ ಕಸದಲ್ಲಿ ನೀರು ಮತ್ತು ಸಾರಜನಕ ಹೆಚ್ಚು. ಅಡಿಕೆ ಸಿಪ್ಪೆಯಲ್ಲಿ ಇಂಗಾಲ ಹೆಚ್ಚು. ಶುದ್ಧವಾದ ಹಸಿಕಸ ದೊರೆತರೆ ಇವೆರಡೂ ಒಂದಕ್ಕೊಂದು ಪೂರಕ. ಪೇಟೆಯ ಹತ್ತಿರದ ತೋಟಗಳಿಗೆ ಇದೊಂದು ಅನುಕೂಲ.

ಅಡಿಕೆ ತೋಟದ ಸೋಗೆ, ಹಾಳೆ, ಗೊನೆಯ ಕಡ್ಡಿ ಮುಂತಾದ ಉಳಿಕೆ ಹೆಕ್ಟೇರಿಗೆ ವರ್ಷಕ್ಕೆ ಐದೂವರೆಯಿಂದ ಆರು ಟನ್ ದೊರೆಯುತ್ತದೆ. ಇದನ್ನು ತುಂಡರಿಸಿ, ಸಗಣಿಯೊಡನೆ ಎರಡು ಮೂರು ವಾರ ಕಳಿಯಲು ಬಿಟ್ಟು, ನಂತರ ಎರೆಹುಳುಗಳನ್ನು ಬಿಟ್ಟು ಉತ್ತಮ ಎರೆಗೊಬ್ಬರ ಮಾಡಬಹುದು.

ಪೇಟೆ ಗೊಬ್ಬರ ಕೊಳ್ಳುವ ರೈತರಿಗೆ

ಪೇಟೆ ಕಾಂಪೋಸ್ಟನ್ನು ಕಣ್ಣು ಮುಚ್ಚಿ ಕೊಳ್ಳಬಾರದು, ಕಣ್ಣು ಮುಚ್ಚಿ ತಿರಸ್ಕರಿಸಲೂಬಾರದು. ಈ ಪರೀಕ್ಷೆಗಳನ್ನು ಮಾಡಬೇಕು.

1. ಬಣ್ಣ ಕಡು ಕಂದು ಅಥವಾ ಕಪ್ಪಾಗಿರಬೇಕು. ಕೊಳೆತ ವಾಸನೆ ಇರಬಾರದು.

2. ಶೇಕಡಾ 90ರಷ್ಟಾದರೂ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಜರಡಿಯ ಮೇಲೆ ಗಾಜು, ಪ್ಲಾಸ್ಟಿಕ್ ಉಳಿದರೆ ಹಿಂದಿರುಗಿಸಬೇಕು.

3. ತೇವ ಶೇಕಡಾ 15ರಿಂದ 25 ಮಾತ್ರ ಇರಬೇಕು. ಹೆಚ್ಚಿದ್ದರೆ ನೀರಿಗೆ ಹಣ ಕೊಟ್ಟಂತೆ.

4. ಕಿಲೋ ಗೊಬ್ಬರದಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದೆಂದು ಆಜ್ಞೆ ಇದೆ. ಮಾರುವವರಿಂದ ಪ್ರಯೋಗಾಲಯದ ವರದಿಯನ್ನು ಕೇಳಿ ಪಡೆಯಬೇಕು.

5. ಒಂದು ಕುಂಡದಲ್ಲಿ ಗೊಬ್ಬರ ಮತ್ತು ಮಣ್ಣು ಬೆರೆಸಿ, ಇನ್ನೊಂದರಲ್ಲಿ ಬರಿಯ ಮಣ್ಣು ತುಂಬಿ, ಎರಡರಲ್ಲೂ ಹೆಸರುಕಾಳು ಬಿತ್ತಿ ನೋಡಬೇಕು. ಗೊಬ್ಬರದ ಕುಂಡದಲ್ಲಿ ಮೊಳಕೆ ಕಡಿಮೆಯಾದರೆ ಅದು ಇನ್ನೂ ಕಳಿತಿಲ್ಲ.

ವಿಸ್ತರಣಾ ಕಾರ್ಯಕರ್ತರ ಹೊಣೆ

ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಸ್ವಚ್ಛ ವಾಹಿನಿಯನ್ನು ನಡೆಸಿ ಮನೆಮನೆಯ ಕಸ ಸಂಗ್ರಹಿಸುತ್ತಿದ್ದಾರೆ. ಬೆರೆತ ಕಸವನ್ನು ಕೈಯಿಂದ ಆರಿಸುವುದು ಅವರಿಗೆ ಹೊರಿಸುವ ಶಿಕ್ಷೆ. ಕಾರ್ಯಕರ್ತರು ಪ್ರಾತ್ಯಕ್ಷಿಕೆಯನ್ನು ಭತ್ತದ ತಳಿಗೆ ಮಾಡುವಂತೆಯೇ ಕಸದ ಬುಟ್ಟಿಗೂ ಮಾಡಬೇಕು. ಒಂದು ಬೀದಿಯ ಹತ್ತು ಮನೆಗಳನ್ನು ಆರಿಸಿ, ಮೂರು ತಿಂಗಳು ಹಸಿಕಸ ತೂಗಿ, ದೊರೆತ ಗೊಬ್ಬರವನ್ನು ಆ ಊರಿನದೇ ಒಂದು ಹೊಲದ ಅರ್ಧಕ್ಕೆ ಹಾಕಿ ತೋರಿಸಬೇಕು. ಗೃಹಿಣಿಯೊಬ್ಬಳು ತನ್ನ ಬುಟ್ಟಿಯ ಸಿಪ್ಪೆ ಯಾವ ಗದ್ದೆಗೆ ಹೋಯಿತೆಂದು ಕಂಡರೆ ಮರುದಿನ ಅದರ ಮೇಲೆ ಬ್ಯಾಟರಿ ಎಸೆಯುವುದಿಲ್ಲ. ಸಾಧ್ಯವಾದಲ್ಲಿ ಹೋಟೆಲು, ಹೂವಿನ ಅಂಗಡಿ, ಕಲ್ಯಾಣ ಮಂಟಪಗಳೊಡನೆ ಹತ್ತಿರದ ರೈತರ ನೇರ ಒಪ್ಪಂದ ಮಾಡಿಸಬೇಕು. ಒಂದೇ ಬಗೆಯ ಶುದ್ಧ ಹಸಿಕಸ ಹೆಚ್ಚು ಪ್ರಮಾಣದಲ್ಲಿ ಸಿಗುವುದು ಅಲ್ಲಿಯೇ.

ರೈತನ ಬಳಿಯೂ ಒಂದು ಬಲವಿದೆ. ಪೇಟೆಗೆ ಆಹಾರ ಕೊಡುವವನು ಅವನು. ಪೇಟೆಯ ಹಸಿಕಸವನ್ನು ಅರ್ಥಪೂರ್ಣವಾಗಿ ಬಳಸಬಲ್ಲವನೂ ಅವನೇ. ಶುದ್ಧವಾಗಿ ಕೊಟ್ಟರೆ ಕೊಳ್ಳುತ್ತೇವೆ, ಬೆರೆಸಿ ಕೊಟ್ಟರೆ ಬೇಡ ಎಂದು ರೈತ ಸಂಘಗಳು ಮತ್ತು ಸಹಕಾರ ಸಂಘಗಳು ಒಂದೇ ದನಿಯಲ್ಲಿ ಹೇಳಿದರೆ, ಬೇರ್ಪಡಿಸುವ ಕೆಲಸಕ್ಕೆ ಕಾನೂನಿಗಿಂತ ಹೆಚ್ಚಿನ ಒತ್ತಾಸೆ ದೊರೆಯುತ್ತದೆ. ಹಾಗೆ ಹೇಳುವ ಹಕ್ಕು ಬರಬೇಕಾದರೆ ಮೊದಲು ತನ್ನ ಮನೆಯ ಬುಟ್ಟಿ ಎರಡಾಗಬೇಕು, ತನ್ನ ತೋಟದ ಸಿಪ್ಪೆ ರಸ್ತೆ ಬಿಟ್ಟು ಗುಂಡಿ ಸೇರಬೇಕು.

ಹನಿ ಹನಿ ಗೂಡಿದರೆ ಹಳ್ಳ ಎಂಬಂತೆ, ಒಬ್ಬರ ದಿನದ 150 ಗ್ರಾಂ ಸಾವಿರ ಎಕರೆಯ ಗೊಬ್ಬರವಾಗಬಲ್ಲದು, ಇಲ್ಲವೇ ಒಂದು ಹಳ್ಳಿಯ ಬಾವಿಯನ್ನು ಕೆಡಿಸಬಲ್ಲದು. ಯಾವುದಾಗಬೇಕೆಂಬುದು ಅಡಿಗೆಮನೆಯಲ್ಲಿ, ಸಿಪ್ಪೆ ಕೈಬಿಡುವ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ. ಈ ಮಾತನ್ನು ರೈತ ಬಾಂಧವರು ಮುಂದಿನ ಸಂತೆಯ ದಿನ ಗಾಂಧಿ ಬಜಾರಿಗೆ ಹೊರಡುವಾಗ, ಬಟ್ಟೆಯ ಚೀಲದೊಡನೆ, ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯಕ.